ನಂಬರ್ ಹದಿನಾಲ್ಕು, ಅಕ್ಕನ ಕೈ

ಜನವರಿ 9

ಪ್ರೆಸ್ಸಲ್ಲಿ ಬೆಳಗ್ಗಿಂದ ಬರೀ ಮದುವೆ ಕಾರ್ಡಿನ ಪ್ರೂಫ್. ಒಂದರಲ್ಲಿ ಮದುಮಗನ ಅಪ್ಪನ ಹೆಸರೇ ಮಾಯ. ಕೂಗಾಡಿದ್ದು ನನ್ನ ಮೇಲೆ — ಬರೆದುಕೊಟ್ಟಿದ್ದು ಅವರೇ! ಓನರ್ ಹಲ್ಲುಕಿರಿದು ನಿಂತಿದ್ದರು.

ಇವತ್ತೂ ಇಬ್ಬರು ಸ್ಯಾಂಪಲ್ ಬುಕ್ಕಿನ ಹದಿನಾಲ್ಕನೇ ಫಾಂಟನ್ನೇ ಆರಿಸಿದರು. ಅಕ್ಕನ ಕೈಬರಹ ಅಂತ ಅವರಿಗೇನು ಗೊತ್ತು. ಆಸ್ಪತ್ರೆ ಮಂಚದಲ್ಲಿ ಕೂತು ಒಂದೊಂದೇ ಅಕ್ಷರ ಬರೆದುಕೊಟ್ಟಳು. ಸ್ಕ್ಯಾನ್ ಮಾಡಿ ಫಾಂಟ್ ಮಾಡಿದೆ. ಮುಗಿಯುವಷ್ಟರಲ್ಲಿ ಅವಳಿರಲಿಲ್ಲ. ಈ ಫಾಂಟಿನ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ... ಬಾಯಿಗೆ ಬಂದದ್ದು ಅಲ್ಲೇ ನಿಲ್ಲುತ್ತದೆ.

ಜನವರಿ 20

ಭಾವ ಬಂದಿದ್ದರು. ಜೊತೆಗೆ ಅವರು ಮದುವೆಯಾಗಲಿರುವ ಟೀಚರಮ್ಮ. ಊರಲ್ಲಿ ಬೇರೆ ಪ್ರೆಸ್ಸೇ ಇರಲಿಲ್ಲವೇ?

"ನೀನಿರುವಾಗ ಹೊರಗಡೆ ಯಾಕೆ ಮಾಡಿಸ್ಲಿ?"

ಸರಿ. ಅಕ್ಕ ಹೋಗಿ ಎರಡು ವರ್ಷವಾಯಿತು, ಒಂಟಿಯಾಗೇ ಇರಿ ಅಂತ ಯಾರೂ ಹೇಳಿಲ್ಲ. ಅಮ್ಮನೂ ಹೇಳಿಲ್ಲ. ಮದುವೆ ಸುದ್ದಿ ಬಂದಾಗಿನಿಂದ ಅಮ್ಮ ಏನೂ ಹೇಳುತ್ತಿಲ್ಲ.

ಟೀಚರಮ್ಮ ಹದಿನಾಲ್ಕರ ಮೇಲೆ ಬೆರಳಿಟ್ಟರು. "ಎಷ್ಟು ಚೆನ್ನಾಗಿದೆ ನೋಡಿ, ಬಳ್ಳಿ ಥರ!"

ಭಾವ ನೋಡಿದರು. ಅಕ್ಕನ ಜೊತೆ ಒಂಬತ್ತು ವರ್ಷ ಸಂಸಾರ ಮಾಡಿದವರು. ಅವರ ಊಟದ ಡಬ್ಬಿಯಲ್ಲಿ ಚೀಟಿ ಬರೆದಿಡುತ್ತಿದ್ದಳು. ಕಾದೆ.

"ಹ್ಞೂ, ಇದೇ ಇರ್ಲಿ."

ಆರ್ಡರ್ ಬರೆದುಕೊಂಡೆ. ತಾವಾಗಿಯೇ ಗುರುತಿಸಲಿ. ಪ್ರೂಫ್ ನೋಡುವಾಗಲಾದರೂ.

ಜನವರಿ 23

ಭಾವನ ಕಾರ್ಡ್ ಕಂಪೋಸ್ ಮಾಡಿದೆ. ಅಕ್ಕನ ಅಕ್ಷರದಲ್ಲಿ ಅವಳ ಗಂಡನ ಹೆಸರು, ಪಕ್ಕದಲ್ಲಿ ಇನ್ನೊಬ್ಬಳದು. ಒತ್ತಕ್ಷರದ ಬಾಲ ಎಂದಿನಂತೆ ಸುರುಳಿ ಸುತ್ತಿ ಮೇಲೆದ್ದಿತು. ಫಾಂಟಿಗೇನು, ಯಾರ ಹೆಸರು ಹೊಡೆದರೂ ನಗುನಗುತ್ತಾ ಬರೆಯುತ್ತದೆ.

ಜನವರಿ 25

ಭಾವ ಪ್ರೂಫ್ ನೋಡಿದರು. ಕನ್ನಡಕ ಹಾಕಿಕೊಂಡು, ಎರಡೆರಡು ಸಲ. ತಾರೀಕು, ವಿಳಾಸ, ಫೋನ್ ನಂಬರ್. "ತಪ್ಪೇನಿಲ್ಲ. ಪ್ರಿಂಟ್ ಹಾಕ್ಸು." ಸಹಿ ಹಾಕಿ ಹೋದರು.

ಬಾತ್‌ರೂಮಿಗೆ ಹೋಗಿ ಅತ್ತೆ. ಸಿಟ್ಟಿಗೋ ದುಃಖಕ್ಕೋ... ಎರಡಕ್ಕೂ.

ಈ ಕಾರ್ಡ್ ಅಮ್ಮನ ಕಣ್ಣಿಗೆ ಬೀಳಬಾರದು. "ಅಮ್ಮಂಗೆ ಫೋನಲ್ಲಿ ಹೇಳಿದ್ರೆ ಸಾಕು ಭಾವ" ಅಂದಿದ್ದೆ. ಆಯ್ತು ಅಂತ ತಲೆಯಾಡಿಸಿದ್ದರು.

ಫೆಬ್ರವರಿ 6

ಕೆಲಸ ಮುಗಿಸಿ ಬಂದರೆ ಅಮ್ಮ ಕಿಟಕಿ ಹತ್ತಿರ. ಮಡಿಲಲ್ಲಿ ಕಾರ್ಡ್. ಭಾವನೇ ಬಂದು ಕೊಟ್ಟರಂತೆ — ದೊಡ್ಡವರನ್ನು ಫೋನಲ್ಲಿ ಕರೆಯುವುದು ಸರಿಯಲ್ಲವಂತೆ.

ಆದರೆ ಅಮ್ಮ ನಗುತ್ತಿದ್ದಳು.

"ಅವಳೇ ಬರೆದಿದ್ದಾಳಲ್ಲೇ! ನನ್ನ ಮಗಳ ಕೈ ನಂಗೆ ಗೊತ್ತಾಗಲ್ವಾ?" ಒಂದೊಂದೇ ಅಕ್ಷರ ಸವರಿದಳು. "ಗಂಡ ಒಂಟಿಯಾಗ್ತಾನೆ ಅಂತ ಮೊದಲೇ ಬರೆದಿಟ್ಟು ಹೋಗಿದ್ದಾಳೆ. ಅವಳೇ ಒಪ್ಪಿದ ಮೇಲೆ ನಂದೇನೇ? ಮದುವೆಗೆ ಹೋಗೋಣ."

ಎರಡು ವರ್ಷದಲ್ಲಿ ಇಷ್ಟು ಹಗುರವಾದ ಮುಖ ಕಂಡಿರಲಿಲ್ಲ. ಇರಲಿ ಅನ್ನಿಸಿತು. ದೇವರಾಣೆ, ಹಾಗೇ ಇರಲಿ ಅನ್ನಿಸಿತು.

ಬೆರಳು ಟೀಚರಮ್ಮನ ಹೆಸರಿನ ಮೇಲೆ ಬಂದು ನಿಂತಿತು. ನಗು ಆರಿತು.

"ಹಾಗಾದ್ರೆ... ಇವಳ ವಿಷಯ ಅವಳಿಗೆ ಬದುಕಿದ್ದಾಗ್ಲೇ ಗೊತ್ತಿತ್ತೇನೇ?"

ಒಳಗೆ ಬಂದು ಡೈರಿ ತೆರೆದೆ. ಇಷ್ಟು ಬರೆಯುವವರೆಗೂ ಅಮ್ಮ ಅಲ್ಲೇ ಕೂತಿದ್ದಾಳೆ. ಹೇಳಲೇಬೇಕು, ಈಗಲೇ. ಅಮ್ಮಾ, ಅಕ್ಕ ಇದನ್ನು ಬರೆದೇ ಇಲ್ಲ, ಅದು ನಾನು —