ಹಲಸಿನ ಮರದ ತನಕ

ಮೇ 4, ಭಾನುವಾರ
ಇವರು ಇಂದೂ ಏಳಕ್ಕೆ ಬಂದರು. ಕ್ಯಾನು ನಲ್ಲಿಯ ಕೆಳಗಿಟ್ಟು ಕಿಟಕಿಯ ಕಡೆ ಮುಖ ಮಾಡಿ ನಿಂತರು. ನಾನು ಒಲೆಯ ಕಡೆ. ನಡುವೆ ಅತ್ತೆ, ಕಾಲು ಚಾಚಿಕೊಂಡು.
"ಅಮ್ಮಾ, ಚಾಕ್ಕ ಸಕ್ಕರಿ ಕಮ್ಮಿ ಬಿದ್ದೈತಂತ ಹೇಳು."
"ಅಮ್ಮಾ, ಡಬ್ಬಿ ಅಲ್ಲೇ ಐತಿ, ಹಾಕ್ಕೋರಿ ಅಂತ ಹೇಳ್ರಿ."
ಇವರು ಸಕ್ಕರೆ ಹಾಕಿಕೊಳ್ಳದೆ ಕುಡಿದು ಹೋದರು.

ಈದ್ ಮುಗಿದ ವಾರದಿಂದ ಹೀಗೆ. ಇಂಡಿ ಊರಿನಿಂದ ಹೆಣ್ಣು ಕೇಳಲು ಬಂದ ನೆಂಟರ ಎದುರೇ ನಾನು ಹೇಳಿಬಿಟ್ಟೆ — ಮಗಳು ತಮನ್ನಾ ನರ್ಸಿಂಗ್ ಮುಗಿಸುವ ತನಕ ಮದುವೆ ಇಲ್ಲ. ಇವರು ಆಗಲೇ ಮಾತು ಕೊಟ್ಟಿದ್ದರಂತೆ. "ನನ್ನ ಮಾತಿಗಿ ಬೆಲಿ ಇಲ್ಲದ ಮನಿಯಾಗ ಇರೂದಿಲ್ಲ" ಎಂದು ಹೊರಟರು. ಎಲ್ಲಿಗೆ? ಹಿತ್ತಲಿನ ಆಚೆ ತುದಿಗೆ, ಟಿಪ್ಪರ್ ರಿಪೇರಿಯ ತಮ್ಮದೇ ಗ್ಯಾರೇಜಿಗೆ. ಅಲ್ಲಿ ನಲ್ಲಿ ಇಲ್ಲ. ಕರೆಂಟು ನಮ್ಮ ಅಡುಗೆಮನೆ ಕಿಟಕಿಯಿಂದ ನೆಲದ ಮೇಲೆ ಎಳೆದ ವೈರಿನದು.

ಮೇ 6
ರಾತ್ರಿ ಮಳೆ. ಬೆಳಿಗ್ಗೆ ವೈರಿನ ಜಾಯಿಂಟಿನ ಬಳಿ, ನಿಂತ ನೀರಿನಲ್ಲಿ, ಅತ್ತೆಯ ಕೋಳಿ ಸತ್ತು ಬಿದ್ದಿತ್ತು. ಅದೇ ದಾರಿಯಲ್ಲಿ ಇವರು ಬರಿಗಾಲಲ್ಲಿ ಬರುತ್ತಾರೆ.
ಮೇನ್ ಆಫ್ ಮಾಡಿದೆ. ಕಿಟಕಿಯ ವೈರು ಕಿತ್ತೆ.
"ಅಮ್ಮಾ, ಮಳಿಗಾಲಕ್ಕ ಮೊದಲ ವೈರ್ ನೆಲದಾಗ ಹೋಗಬೇಕಂತ ಹೇಳ್ರಿ. ಇಲ್ಲಂದ್ರ ಕರೆಂಟ್ ಕೊಡೂದಿಲ್ಲ."
"ಹೂಂ ಅಂತ ಹೇಳು. ಅದರ ಜೋಡಿ ನೀರಿನ ಪೈಪೂ ಹೋಗಲಿ. ದಿನಾ ಮಂದಿ ಮನಿಗಿ ಕ್ಯಾನ್ ಹೊತ್ಕೊಂಡು ಯಾಕ ಬರಬೇಕು?"
ಮಂದಿ ಮನೆ.

ಅದೇ ದಿನ, ಸಂಜೆ
ವೈರು ನಾನು ಕೇಳಿದ್ದು. ನೀರು ಅವರು ಕೇಳಿದ್ದು. ನೀರು ಅಲ್ಲಿಗೆ ಹೋದರೆ ಏಳು ಗಂಟೆಗೆ ಇಲ್ಲಿಗೆ ಬರುವ ಕಾರಣವೂ ಹೋಗುತ್ತದೆ. ಬೇಡ ಎನ್ನುವ ಹಾಗಿಲ್ಲ. ಯಾವ ಬಾಯಿಂದ?

ಮೇ 9
ನಾನು ಕೆಲಸ ಮಾಡುವ ಅಂಗಡಿಯಿಂದಲೇ ಸಾಮಾನು ತಂದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲು ಬರೆದೂ ಬರೆದೂ ಯಾವುದಕ್ಕೆ ಯಾವುದು ಎಂದು ಗೊತ್ತಾಗಿದೆ. ಉಕ್ಕಿನ ಕವಚದ ಆರ್ಮರ್ಡ್ ಕೇಬಲ್, ನೀರಿಗೆ ಕಪ್ಪು ಪೈಪು, ಅದಕ್ಕೊಂದು ವಾಲ್ವು. ಕೇಬಲ್ಲಿಗೆ ನಡುವೆ ಜಾಯಿಂಟ್ ಇರಬಾರದು. ಮೇಲೆ ಮರಳು, ಮರಳಿನ ಮೇಲೆ ಇಟ್ಟಿಗೆ — ಮುಂದೆ ಯಾರಾದರೂ ಅಗೆದರೆ ಸಲಿಕೆಗೆ ಮೊದಲು ಇಟ್ಟಿಗೆ ಸಿಗಲಿ ಎಂದು.
ಅತ್ತೆಯ ಮೂಲಕ ಒಪ್ಪಂದ: ಗ್ಯಾರೇಜಿನಿಂದ ಹಲಸಿನ ಮರದ ತನಕ ಅವರು ಅಗೆಯುವುದು. ಮನೆಯಿಂದ ಮರದ ತನಕ ನಾನು ಆಳು ಹಚ್ಚುವುದು.
ಓದುತ್ತಿರುವುದು ಹಿಮದ ದೇಶದ ಒಂದು ಕಾದಂಬರಿ, ಅನುವಾದ. ಗಂಡ ಹೆಂಡತಿ ಒಂದೇ ಮೇಜಿಗೆ ಕೂತು ಒಬ್ಬರಿಗೊಬ್ಬರು ಪತ್ರ ಬರೆಯುತ್ತಾರೆ. ಪಾಪ, ಆ ಮನೆಯಲ್ಲಿ ಅತ್ತೆ ಇಲ್ಲ.

ಮೇ 13, ಮಂಗಳವಾರ
ನಿನ್ನೆ ಅವರು ತಮ್ಮ ಪಾಲು ಅಗೆದು ಮುಗಿಸಿ, ಇಂದು ಕೆಟ್ಟು ನಿಂತ ಗಾಡಿ ನೋಡಲು ಡಿಚೋಲಿಗೆ ಹೋಗಿದ್ದರು. ಕೂಲಿಯ ಹೇಮಲಪ್ಪ ಬಂದು ನನ್ನ ಪಾಲು ಅಗೆದ. ಸಂಜೆ ಅಂಗಡಿಯಿಂದ ಬಂದು ನೋಡಿದೆ.
ಅವರು ಅಗೆದ ನಾಲಿ ಮರದ ಆಚೆ, ಬಾವಿ ಇರುವ ಬದಿಗೆ ಬಂದು ನಿಂತಿದೆ. ನನ್ನದು ರಸ್ತೆ ಬದಿಗೆ. ನಡುವೆ ಹಲಸಿನ ಬೊಡ್ಡೆ, ಆನೆಯ ಕಾಲಿನಂಥ ಬೇರು. ಮರದ ತನಕ ಎಂದು ಇಬ್ಬರೂ ಹೇಳಿದ್ದೆವು. ಯಾವ ಬದಿ ಎಂದು ಯಾರೂ ಹೇಳಿರಲಿಲ್ಲ. ಮರ ಸುತ್ತಿ ಹೋದರೆ ಕೇಬಲ್ ಸಾಲುವುದಿಲ್ಲ.
"ಅಕ್ಕಾರ, ನಾಲಿ ಎರಡೂ ಚಲೋ ಅದಾವು," ಎಂದ ಹೇಮಲಪ್ಪ. "ಮರಾನ ತಪ್ಪ ಜಾಗಾದಾಗ ಹುಟ್ಟೈತಿ."
ಅತ್ತೆ ಕಟ್ಟೆಯ ಮೇಲೆ ಕೂತು ಇಡೀ ದಿನ ನೋಡಿದ್ದಾರೆ.
"ಅಮ್ಮಾ, ಒಂದ ಮಾತು ಹೇಳಬಾರದಾ?"
"ಯಾಕ ಹೇಳಲಿ? ನಾ ಏನ್ ಟಪಾಲ್ ಪೆಟ್ಟಿಗೀನಾ? ಇವತ್ತಿಂದ ಯಾರ ಮಾತೂ ಯಾರಿಗೂ ಮುಟ್ಟಸೂದಿಲ್ಲ."

ಮೇ 16
ಅತ್ತೆ ಹೇಳಿದಂತೆಯೇ ನಡೆದುಕೊಂಡಿದ್ದಾರೆ. ಬೆಳಿಗ್ಗೆ ಕ್ಯಾನು ತುಂಬುವ ಸದ್ದು ಬಿಟ್ಟರೆ ಮನೆಯಲ್ಲಿ ಮಾತೇ ಇಲ್ಲ. ಎರಡೂ ನಾಲಿಯಲ್ಲಿ ಮಳೆ ನೀರು. ಗ್ಯಾರೇಜಿನಲ್ಲಿ ಮೇಣದ ಬತ್ತಿ.

ಮೇ 18, ಭಾನುವಾರ
ಬೆಳಿಗ್ಗೆ ಮರದ ಹತ್ತಿರ ಹೋದೆ. ಅವರು ಆಚೆ ಬದಿಯಲ್ಲಿ ನಿಂತಿದ್ದರು. ಹಲಸು ಹಣ್ಣಾದ ವಾಸನೆ.
"ಯಾವ ಬದಿ?" ಎಂದರು. ಮರಕ್ಕೆ ಹೇಳಿದ ಹಾಗೆ.
"ನಿಮ್ಮದು. ಬಾವಿ ಕಡೆ ಬೇರು ಕಮ್ಮಿ ಅದಾವು."
"ನಿನ್ನ ನಾಲಿ ಆಳ ಐತಿ."
"ಆಳ ಇದ್ರೇನ, ಹೋಗಬೇಕಾದಲ್ಲಿಗೆ ಹೋಗೂದಿಲ್ಲ."
ನಗು ಬಂದಿರಬೇಕು, ತಡೆದುಕೊಂಡರು. ಆಮೇಲೆ —
"ಮಂದಿ ಮುಂದ ಹಂಗ ಅನಬಾರದಾಗಿತ್ತು ನೀ."
"ಮಾತು ಕೊಡೂಕಿಂತ ಮೊದಲ ಒಳಗ ಕೇಳಿದ್ರ, ಒಳಗ ಹೇಳತಿದ್ದೆ."
ಗೂಟ ಹುಡುಕಿ ತಂದು ನೆಟ್ಟರು.
"ಸುಲ್ತಾನಾ, ದಾರ ಹಿಡಿ."
ಅಡುಗೆಮನೆ ಗೋಡೆಯಿಂದ ಅವರ ನಾಲಿಯ ತುದಿಗೆ ನೇರ ದಾರ ಕಟ್ಟಿದೆವು. ನನ್ನ ಭಾಗವನ್ನು ಅವರೇ ಹೊಸದಾಗಿ ಅಗೆದರು. ಕೆಳಗೆ ಜಂಬಿಟ್ಟಿಗೆ ಕಲ್ಲು, ಪ್ರತಿ ಏಟಿಗೂ ಕೆಂಪು ಪುಡಿ. ಹಳೆಯ ನಾಲಿಯೊಳಗೆ ಮಣ್ಣು ಎಳೆದು ಮುಚ್ಚಿದ್ದು ನಾನು.

ಮೇ 22
ಇಲೆಕ್ಟ್ರಿಶಿಯನ್ ಬಂದು ಜೋಡಿಸಿಕೊಟ್ಟ. ಕೇಬಲ್ ಸಾಲಿತು. ಪೈಪಿನ ವಾಲ್ವನ್ನು ಕಿಟಕಿಯ ಕೆಳಗೆ ಅವರೇ ಕೂಡಿಸಿದರು. ಗ್ಯಾರೇಜಿನಲ್ಲಿ ದೀಪ ಹತ್ತಿತು, ನಲ್ಲಿ ಸುರಿಯಿತು.
ಅತ್ತೆ ಬಗ್ಗಿ ನೋಡಿದರು. "ಈ ಕೆಂಪ ಹಿಡಕಿ ಯಾತಕ್ಕ?"
"ಉದ್ದಕಿದ್ರ ಚಾಲೂ, ಅಡ್ಡಕಿದ್ರ ಬಂದ್, ಅಮ್ಮಾ," ಎಂದರು ಇವರು.
"ಹಂಗಾ?"

ಮೇ 23
ಏಳಾಯಿತು. ಎಂಟಾಯಿತು. ಬರಲಿಲ್ಲ. ಆಚೆ ನಲ್ಲಿಯ ಸದ್ದು ಇಲ್ಲಿಗೇ ಕೇಳುತ್ತದೆ. ಕೆಲಸ ಚೆನ್ನಾಗಿಯೇ ಆಗಿದೆ.

ಮೇ 24
ಬರಲಿಲ್ಲ. ಎರಡು ಲೋಟ ಚಹಾ ಮಾಡಿ ಎರಡನ್ನೂ ನಾನೇ ಕುಡಿದೆ.

ಮೇ 25, ಭಾನುವಾರ. ಜೋರು ಮಳೆ
ಏಳಕ್ಕೆ ಬಾಗಿಲಲ್ಲಿ ನಿಂತಿದ್ದರು. ತಲೆಯ ಮೇಲೆ ಗೋಣಿ, ಕೈಯಲ್ಲಿ ಕ್ಯಾನು.
"ಸುಲ್ತಾನಾ, ಅಲ್ಲಿ ನೀರ ಬರವಲ್ದು."
ಕಿಟಕಿಯಿಂದ ಬಗ್ಗಿ ನೋಡಿದೆ. ಹಿಡಿಕೆ ಅಡ್ಡಕ್ಕಿದೆ. ಮೂಲೆಯಲ್ಲಿ ಅತ್ತೆ, ಕಣ್ಣು ಮುಚ್ಚಿ ತಸಬಿಯ ಮಣಿ ಎಣಿಸುತ್ತಿದ್ದಾರೆ, ಬಹಳ ವೇಗವಾಗಿ. ಸೀರೆಯ ಅಂಚು ಒದ್ದೆ.
ಇವರು ಒಳಗೆ ಬಂದದ್ದು ಆ ವಾಲ್ವಿನ ಪಕ್ಕದಿಂದಲೇ. ಹಿಡಿಕೆ ಕಾಣದೆ ಇರಲಿಕ್ಕಿಲ್ಲ.
ಕ್ಯಾನನ್ನು ನಲ್ಲಿಯ ಕೆಳಗಿಟ್ಟರು. ಮಣೆ ಎಳೆದುಕೊಂಡು ಕೂತರು.
"ಸಕ್ಕರಿ ನೀನ ಹಾಕು."
ಹಾಕಿದೆ.
ಈಗ ಪಡಸಾಲೆಯಲ್ಲಿ ಕೂತು ಹಾಸ್ಟೆಲ್ಲಿಗೆ ಫೋನ್ ಹಚ್ಚಿದ್ದಾರೆ. "ತಮನ್ನಾ, ಪರೀಕ್ಷಾ ಯಾವಾಗವ್ವಾ? ... ಆತು, ಅದನ್ನ ಮುಗಸು ಮೊದಲ. ಉಳದದ್ದ ಆಮ್ಯಾಲೆ ಕೇಳೂಣು. ... ಹೂಂ, ನಿನ್ನನ್ನೂ ಕೇಳತೀನಿ. ... ತಡಿ, ನಿಮ್ಮವ್ವನ ಕಡಿ ಕೊಡತೀನಿ."
ಕರೆಯುತ್ತಿದ್ದಾರೆ. ವಾಲ್ವು ತಿರುಗಿಸಲು ಯಾರೂ ಎದ್ದಿಲ್ಲ. ನಾನೂ —