ಉತ್ತಯ್ಯ ಹಾರಿಸಿದ ಎರಡು ಗುಂಡು

ಸುಂಟಿಕೊಪ್ಪ
೯ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ಶಶಿಧರನಿಗೆ ಅಣ್ಣನ ಆಶೀರ್ವಾದ.

ನೀನು ಹೇಗಿದ್ದೀಯ? ಅನುಪಮಾಳ ಮಂಡಿನೋವು ಹೇಗಿದೆ? ವಾಲ್ಪಾರೈ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿತು ಸರಿ, ಫೋನಿಗೆ ಸಿಗ್ನಲ್ಲೇ ಸಿಗದ ಮೂಲೆಯನ್ನು ಹುಡುಕಿ ಕೂತೆಯಲ್ಲ ಮಾರಾಯ! ಅದಕ್ಕೇ ಈ ಕಾಗದ.

ಕೇಳು, ನನ್ನ ಲಿವರಿನಲ್ಲಿ ಏನೂ ಇಲ್ಲ! ಆಪರೇಷನ್ ಮಾಡಿ ಕರುಳಿನ ಗಡ್ಡೆ ತೆಗೆದರೂ ಕ್ಯಾನ್ಸರಿನ ಜೀವಕೋಶಗಳು ರಕ್ತದಲ್ಲಿ ಹೊರಟು ಲಿವರಿಗೆ ಹರಡಬಹುದೆಂಬ ಹೆದರಿಕೆ ಇತ್ತಲ್ಲ. ಅದನ್ನು ತಡೆಯಲು ಮೈಸೂರಿನ ಡಾಕ್ಟರು ಪ್ರತಿಕಾಯಗಳ ಹೊಸ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡುತ್ತಿದ್ದರು. ಅವು ಆ ಜೀವಕೋಶಗಳಿಗೆ ಅಂಟಿಕೊಂಡು, ಲಿವರಿನಲ್ಲಿ ನೆಲೆಯೂರದಂತೆ ನೋಡಿಕೊಳ್ಳುತ್ತವಂತೆ. ಇನ್ನೂ ಪರೀಕ್ಷೆಯ ಹಂತದ ಔಷಧಿ, ಫಲ ಕೊಟ್ಟೇ ಕೊಡುತ್ತದೆ ಎನ್ನಲಾರೆವು ಎಂದು ಮೊದಲೇ ಹೇಳಿದ್ದರು. "ನಿಮ್ಮ ಮೇಲೆ ಪ್ರಯೋಗ ಬೇಡ" ಎಂದು ನಿನ್ನ ಅತ್ತಿಗೆ ಯಮುನ ನನ್ನ ಜೊತೆ ಮಾತೇ ಬಿಟ್ಟಿದ್ದಳು. ಮೊನ್ನೆ ಸ್ಕ್ಯಾನ್ ನೋಡಿ ಡಾಕ್ಟರು "ಲಿವರ್ ಕ್ಲೀನ್" ಅಂದಾಗ ಅವರ ಕೈ ಹಿಡಿದುಕೊಂಡು ಅತ್ತವಳೂ ಅವಳೇ. ಇದು ಔಷಧಿಯಿಂದಲೋ ಆಪರೇಷನ್ನಿನಿಂದಲೋ ಈಗಲೇ ಹೇಳಲಾಗದಂತೆ. ಯಾವುದರಿಂದಾದರೂ ನನಗೇನು!

ತಮಾಷೆ ಆಮೇಲಿನದು. ಪಕ್ಕದ ತೋಟದ ಉತ್ತಯ್ಯನಿಗೆ ಆಸ್ಪತ್ರೆಯಿಂದಲೇ ಫೋನ್ ಮಾಡಿದೆ. ಖುಷಿ ತಡೆಯಲಾರದೆ ಕೋವಿ ತಂದು ಆಕಾಶಕ್ಕೆ ಒಂದು ಗುಂಡು ಹಾರಿಸಿದನಂತೆ. ಸಾಲದೆ ಇನ್ನೊಂದು. ನಮ್ಮ ಕಡೆ ಎರಡು ಗುಂಡು ಹಾರಿಸುವುದು ಸಾವಿನ ಸುದ್ದಿ ತಿಳಿಸಲು ಎಂಬುದು ಆ ಪುಣ್ಯಾತ್ಮನಿಗೆ ಮರೆತೇ ಹೋಗಿತ್ತು! ನಾನು ಸ್ಕ್ಯಾನಿಗೆ ಹೋದದ್ದು ಊರಿಗೆಲ್ಲ ಗೊತ್ತು. ಕಾಫಿ ಕೊಯ್ಯುತ್ತಿದ್ದವರೆಲ್ಲ ಕೆಲಸ ಬಿಟ್ಟು ಓಡಿ ಬಂದಿದ್ದಾರೆ. ಸಂಜೆ ನಾವು ಕಾರಿನಿಂದ ಇಳಿದರೆ ಅಂಗಳದ ತುಂಬ ಜನ, ಬಾಡಿಗೆ ಕುರ್ಚಿಗಳು. ಉತ್ತಯ್ಯ ಎಷ್ಟು ಹೇಳಿದರೂ ಯಾರೂ ನಂಬಿರಲಿಲ್ಲ. ನೆರೆಮನೆಯ ವಿಶಾಲಾಕ್ಷಮ್ಮ ನನ್ನನ್ನು ನೋಡಿ, "ಅಯ್ಯೋ ಮಾರಾಯ, ಇದ್ದೀಯಾ? ನಾನು ಅತ್ತದ್ದೆಲ್ಲ ದಂಡ ಆಯ್ತಲ್ಲ!" ಎಂದು ಮತ್ತೆ ಅಳಲು ಶುರು ಮಾಡಿದರು. ನನ್ನ ಸಾವಿಗೆ ಇಷ್ಟು ಜನ ಬರುತ್ತಾರೆಂದು ತಿಳಿದು, ನಿಜ ಹೇಳಲೇ, ಬಹಳ ಸಂತೋಷವಾಯಿತು. ಯಮುನ ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದಳು.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ.

ನಿನ್ನ ಅಣ್ಣ
ಸಾಂತಪ್ಪ

ವಿ.ಸೂ.: ಯಮುನ ಇದನ್ನು ಓದಿ, ಮುಖ್ಯವಾದದ್ದನ್ನೇ ಬರೆದಿಲ್ಲವೆಂದು ಬೈದಳು. ಈ ಕಾಯಿಲೆ ಒಡಹುಟ್ಟಿದವರಿಗೂ ಬರಬಹುದಂತೆ, ನೀನೂ ಕರುಳಿನ ಪರೀಕ್ಷೆ ಮಾಡಿಸಲೇಬೇಕಂತೆ. ಅಪ್ಪನ ಲಿವರ್ ಕೆಟ್ಟದ್ದು ಕುಡಿತದಿಂದ ಎಂದು ಊರೆಲ್ಲ ಹೇಳಿತು, ನಾವೂ ನಂಬಿದೆವು. ಅಪ್ಪನಿಗೂ ಇದೇ ಕಾಯಿಲೆ ಇತ್ತೇನೋ ಎಂದು ಈಗ ನನಗೆ ಅನುಮಾನ. ನಿನ್ನನ್ನು ಹೆದರಿಸಲು ಮನಸ್ಸಾಗದೆ ಏನೇನೋ ಬರೆದೆ. ರಜೆ ಹಾಕಿ ಬೇಗ ಬಾ, ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ನಿನಗೆ ಏನಾದರೂ ಆದರೆ ನನ್ನ ಲಿವರ್ ಕ್ಲೀನಾಗಿದ್ದು ಏನು ಪ್ರಯೋಜನ?