ಹಡಗಿನ ಗಡಿಯಾರದಲ್ಲಿ ಐದು ಹತ್ತು

ಆಂಟಾಪ್ ಹಿಲ್, ಮುಂಬಯಿ
ಭಾನುವಾರ, ೧೫ ಫೆಬ್ರವರಿ ೨೦೨೬

ಪ್ರೀತಿಯ ತಮ್ಮ ಸುಹಾಸನಿಗೆ,

ಹೇಗಿದ್ದೀ? ಸರಿಯಾಗಿ ಊಟ ಮಾಡುತ್ತಿದ್ದೀಯಾ? ಹಡಗಿನವರಿಗೆಲ್ಲ ಬಡಿಸಿ, ತಾನು ಮಾತ್ರ ಒಲೆಯ ಬಳಿ ನಿಂತೇ ಎರಡು ತುತ್ತು ನುಂಗುವ ಚಾಳಿ ನಿನಗೆ ಅಪ್ಪನಿಂದ ಬಂದದ್ದು. ಈ ದಿನಗಳಲ್ಲಿ ಅದೂ ಇಲ್ಲವೇನೋ ಎಂದು ನನಗೆ ಹೆದರಿಕೆ. ಬೆನ್ನುನೋವಿಗೆ ಕಳಿಸಿದ ಎಣ್ಣೆ ಮುಗಿಯಿತೋ, ಮುಚ್ಚಳವನ್ನೇ ತೆರೆದಿಲ್ಲವೋ? ನಾನು ಚೆನ್ನಾಗಿದ್ದೇನೆ. ಅಪ್ಪಿ ಅತ್ತೆ ಗುರುವಾರದಿಂದ ನನ್ನ ಜೊತೆಗಿದ್ದವರು ಇವತ್ತು ಬೆಳಿಗ್ಗೆ ಜೋಗೇಶ್ವರಿಗೆ ಹೋದರು. ಅವರಿಗೂ ವಯಸ್ಸಾಯಿತು, ತಮ್ಮನನ್ನು ಕಳೆದುಕೊಂಡವರು, ಎಷ್ಟು ದಿನವೆಂದು ಚಾಪೆಯ ಮೇಲೆ ಮಲಗಿಸಲಿ?

ನಿನ್ನ ಮೆಸೇಜು ಶುಕ್ರವಾರ ಸಂಜೆ, ನಾನು ಸ್ನಾನ ಮಾಡಿ ಕೂತಿದ್ದಾಗ ಬಂತು. ಅಪ್ಪ ಹೋಗುವಾಗ ನಾನು ಮಲಗಿ ನಿದ್ದೆ ಮಾಡುತ್ತಿದ್ದೆ ಅಕ್ಕ, ಲೆಕ್ಕ ಹಾಕಿ ನೋಡಿದೆ ಎಂದು ಬರೆದಿದ್ದೀಯ. ಫೋನಿನಲ್ಲೇ ಉತ್ತರ ಬರೆಯಲು ಹೊರಟೆ. ನಾಲ್ಕು ಸಾಲಿಗೆ ಮುಗಿಯುವ ಮಾತಲ್ಲ ಅನ್ನಿಸಿತು. ಮೊದಲು ನಡೆದದ್ದನ್ನೆಲ್ಲ ಹೇಳುತ್ತೇನೆ, ಆಮೇಲೆ ನಿನ್ನ ಲೆಕ್ಕಕ್ಕೆ ಬರುತ್ತೇನೆ.

ಗುರುವಾರ ಘಾಟ್ಕೋಪರ್‌ನ ಕ್ಲಿನಿಕ್ಕಿನಿಂದ ನಾನು ಎಂದಿನ ಹೊತ್ತಿಗೇ ಹೊರಟಿದ್ದೆ. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿಗೆ ಬಂದಾಗ ಒಂದು ಗಾಡಿ ನಿಂತೇ ಇತ್ತು. ತುಂಬಿತ್ತು ಎಂದು ಬಿಟ್ಟೆ. ಮನೆ ಮುಟ್ಟುವಾಗ ಏಳು ಗಂಟೆ. ಬಾಗಿಲು ತೆರೆದಿತ್ತು. ಪಕ್ಕದ ಮನೆಯ ಇಂದ್ರಾಬಾಯಿ ಹೊಸ್ತಿಲಲ್ಲಿ ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. "ಸಾವಕಾಶ್ ಬೇಟಾ, ಸಾವಕಾಶ್," ಎಂದರು, ಅಷ್ಟರಲ್ಲೇ ನನಗೆ ಗೊತ್ತಾಯಿತು. ಅಪ್ಪ ಆರೂವರೆಗೆ ಅವರ ಹತ್ತಿರ ಚಹಾ ಕೇಳಿದರಂತೆ. ಅರ್ಧ ಕುಡಿದು "ಲಾವಣ್ಯಾ ಆಲೀ ಕಾ?", ನಾನು ಬಂದೆನಾ ಎಂದು ಕೇಳಿ ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲ. ಕೆಳಗಿನ ಮಹಡಿಯ ಡಾಕ್ಟರು ಓಡಿ ಬಂದು ನೋಡಿದಾಗ ಆರು ನಲವತ್ತು. ಆಗ ನಾನು ಜಿ.ಟಿ.ಬಿ. ನಗರ ಸ್ಟೇಷನ್ನಿನ ಸೇತುವೆ ಇಳಿಯುತ್ತಿದ್ದೆ. ಬಿಟ್ಟ ಗಾಡಿ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ನಾನೂ ಲೆಕ್ಕ ಹಾಕಿದ್ದೇನೆ, ಸುಹಾಸ. ಹತ್ತು ನಿಮಿಷ ಮೊದಲು ಮುಟ್ಟಿದರೂ ಅಪ್ಪ ಸಿಗುತ್ತಿರಲಿಲ್ಲ. ನೀನು ಸಮುದ್ರದಾಚೆ, ನಾನು ಇಪ್ಪತ್ತು ನಿಮಿಷದಾಚೆ. ಇಬ್ಬರೂ ಅಪ್ಪನ ಹತ್ತಿರ ಇರಲಿಲ್ಲ.

ನಿನ್ನ ಕಂಪನಿಗೆ ಫೋನ್ ಮಾಡಿದಾಗ ಆಫೀಸಿನವರು ಒಳ್ಳೆಯ ಮಾತಿನಲ್ಲೇ ಹೇಳಿದರು, ಹಡಗು ಮುಟ್ಟಲಿರುವ ಡರ್ಬಾನ್‌ನಿಂದ ಮುಂಬಯಿಗೆ ಹದಿನೈದು ಗಂಟೆ ಸಾಕು ಎಂದು. ಸ್ಪೀಕರಿನಲ್ಲಿತ್ತು. ಅತ್ತೆಯ ಕಿವಿಗೆ ಬಿದ್ದದ್ದು ಆ ಹದಿನೈದು ಗಂಟೆ ಮಾತ್ರ. ಐಸ್ ತರಿಸಿದರು, ಬಂದವರಿಗೆಲ್ಲ "ಹುಡುಗ ನಾಳೆ ಬರ್ತಾನೆ, ಕಾಯುವ" ಎಂದರು. ಶುಕ್ರವಾರ ಬೆಳಿಗ್ಗೆ ಒಗೆದ ಸೀರೆ ಉಟ್ಟು ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಕ್ಯಾಲೆಂಡರ್ ತೋರಿಸಿ ಹೇಳಿದೆ. ಹದಿನೈದು ಗಂಟೆ ವಿಮಾನ ಹತ್ತಿದ ಮೇಲಿನ ಲೆಕ್ಕ. ಹಡಗು ಇನ್ನೂ ನೀರಿನ ನಡುವೆ ಉಂಟು, ದಡ ಸೇರುವುದೇ ಮಂಗಳವಾರ ಬೆಳಿಗ್ಗೆ. ಅಲ್ಲಿ ಎಂಟು ಎಂದರೆ ನಮಗೆ ಹನ್ನೊಂದೂವರೆ. ಇಳಿದು, ಕಾಗದಪತ್ರ ಮುಗಿಸಿ, ಅಲ್ಲಿಯ ಸಂಜೆ ಏಳಕ್ಕೆ ವಿಮಾನ ಸಿಕ್ಕಿದರೆ ಇಲ್ಲಿ ಬುಧವಾರ ಮಧ್ಯಾಹ್ನ ಒಂದೂವರೆ. ಗುರುವಾರ ಸಂಜೆಯಿಂದ ಅಲ್ಲಿಗೆ ಆರು ದಿನಕ್ಕೆ ಐದು ಗಂಟೆ ಚಿಲ್ಲರೆ ಕಡಿಮೆ.

ಅತ್ತೆ ಬೆರಳು ಮಡಚುತ್ತಾ ಶುಕ್ರ, ಶನಿ ಎಂದು ಶುರುಮಾಡಿ ಬುಧವಾರದ ತನಕ ಹೋದರು. ಮತ್ತೊಮ್ಮೆ ಎಣಿಸಿದರು. "ಅಷ್ಟು ದಿನ ಅವನನ್ನು ಹೀಗೆ ಮಲಗಿಸಲಿಕ್ಕೆ ಆಗ್ಲಿಕ್ಕಿಲ್ಲ ಅಲ್ವಾ ಮಗಾ?" ಎಂದು ಕೇಳಿದರು. ಇಲ್ಲ ಅತ್ತೆ ಎಂದೆ. ನಿನ್ನನ್ನು ಕಾಯುವುದು ಬೇಡ ಎಂದು ಹೇಳಿದವಳು ನಾನು. ಅದು ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ.

ಬೆಂಕಿ ಕೊಡುವುದು ಯಾರು ಎಂದು ಮಾತು ಬಂತು. ಯಾರೋ ದಾಯಾದಿಗಳ ಮಗನನ್ನು ಡೊಂಬಿವಲಿಯಿಂದ ಕರೆಸುವ ಎಂದರು. ಅದುವರೆಗೆ ಗಂಡುಮಗನೇ ಆಗಬೇಕು ಎನ್ನುತ್ತಿದ್ದ ಅತ್ತೆಯೇ ಎದ್ದು ನಿಂತರು. "ನನ್ನ ತಮ್ಮ ಚೆನ್ನಯನಿಗೆ ಗಂಜಿ ಬೇಯಿಸಿ ಹಾಕಿದ್ದು ಇವಳು. ಊರಿನವರ ಕೈ ಯಾಕೆ, ಇವಳದ್ದೇ ಉಂಟಲ್ಲ," ಎಂದರು. ಭಟ್ರು ನನ್ನ ಕೈಗೇ ದರ್ಭೆ ಕೊಟ್ಟರು. ಸ್ಮಶಾನಕ್ಕೆ ಅತ್ತೆಯೂ ಬಂದರು. ನಾನು ಬೆಂಕಿ ಕೊಡುವಾಗ ಹಿಂದಿನಿಂದ ಮೊಣಕೈ ಹಿಡಿದುಕೊಂಡು ನಿಂತರು. ನಿನ್ನ ಹೆಸರು ಹೇಳಿಯೂ ಒಂದು ಹಿಡಿ ಅಕ್ಕಿ ಹಾಕಿದ್ದೇನೆ.

ಈಗ ನಿನ್ನ ಲೆಕ್ಕ. ಇಲ್ಲಿಯ ಆರು ನಲವತ್ತರಲ್ಲಿ ಎರಡೂವರೆ ಗಂಟೆ ಕಳೆದು ನಾಲ್ಕು ಹತ್ತು ಎಂದು ತೆಗೆದಿದ್ದೀಯ. ಮಧ್ಯಾಹ್ನದ ಪಾತ್ರೆ ಮುಗಿಸಿ ನೀನು ಮಲಗುವ ಹೊತ್ತು ಅದು, ನಿಜ. ಆದರೆ ಎರಡೂವರೆ ಗಂಟೆಯ ಅಂತರ ಆದದ್ದು ಗುರುವಾರ ರಾತ್ರಿ ಹಡಗಿನ ಗಡಿಯಾರವನ್ನು ಇನ್ನೊಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ. ಹಾಗೆಂದು ನೀನೇ ಬರೆದಿದ್ದೀಯ. ಅಪ್ಪ ಹೋಗುವಾಗ ನಿಮಗೂ ನಮಗೂ ಇದ್ದ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಅಂದರೆ ನಿನಗೆ ಐದು ಹತ್ತು. ನೀನು ಎದ್ದು, ಮುಖ ತೊಳೆದು, ರಾತ್ರಿಯ ಅಡುಗೆಗೆ ಒಲೆ ಹಚ್ಚಿ ಆಗಿತ್ತು. ನೀನು ಮಲಗಿರಲಿಲ್ಲ ಮಗಾ. ಅಪ್ಪ ಮಾಟುಂಗಾದ ಹೊಟೇಲಿನಲ್ಲಿ ಜೀವಮಾನವಿಡೀ ಮಾಡಿದ ಕೆಲಸವನ್ನೇ ಮಾಡುತ್ತಿದ್ದೆ. ಸಮಾಧಾನಕ್ಕೆ ಹೇಳುತ್ತಿಲ್ಲ. ಬೇಕಾದರೆ ಕ್ಯಾಪ್ಟನ್ ಹತ್ತಿರ ಕೇಳು.

ಈ ಲೆಕ್ಕ ನನಗೆ ಬಾಯಿಪಾಠ ಆಗಿದ್ದು ಅಪ್ಪನಿಂದ. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ "ಅವನಿಗೀಗ ಎಷ್ಟು ಗಂಟೆ?" ಎಂದು ಕೇಳುತ್ತಿದ್ದರು. ಹೇಳಿದರೆ, ಹಾಗಾದರೆ ಸಾಂಬಾರಿಗೆ ಇಟ್ಟಿರಬೇಕು, ಹಾಗಾದರೆ ಅನ್ನ ಬಸಿದಿರಬೇಕು ಎನ್ನುತ್ತಿದ್ದರು. ಇವತ್ತು ಅತ್ತೆ ಹೋದ ಮೇಲೆ ಹಾಲು ತೆಗೆದುಕೊಂಡು ಒಳಗೆ ಬಂದವಳು ಬಾಗಿಲಲ್ಲೇ ನಿಂತು ನಿನ್ನ ಗಂಟೆ ಹೇಳಿದೆ. ಹೇಳಿ ಆದ ಮೇಲೆ ಗೊತ್ತಾಯಿತು, ಕೇಳಿದವರು ಯಾರೂ ಇಲ್ಲ ಎಂದು. ಮನೆಯಲ್ಲಿ ಫ್ಯಾನಿನ ಸದ್ದು ಇಷ್ಟು ಜೋರಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಎಂದು ಅಂದಾಜಾಗಲಿಲ್ಲ. ಅನ್ನ ಹೆಚ್ಚಾಗಿ, ಇಂದ್ರಾಬಾಯಿಗೆ ಕೊಟ್ಟು ಬಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಡೆಕ್ಕಿನಲ್ಲಿ ಒಬ್ಬನೇ ಹೋಗಿ ನಿಲ್ಲಬೇಡ. ಅತ್ತೆಯೂ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ನಮ್ಮನ್ನು ಕಾಯುವ ದೇವರು ನಿನ್ನ ಸಮುದ್ರದ ಮೇಲೂ ಕಣ್ಣಿಟ್ಟಿರಲಿ.

ನಿನ್ನ ಅಕ್ಕ,
ಲಾವಣ್ಯಾ

ತಾ.ಕ.: ಎಲ್ಲ ಮುಗಿದ ಮೇಲೆ ಬಂದು ಏನು ಮಾಡಲಿ, ಜೂನ್‌ವರೆಗೆ ಕೆಲಸ ಮುಗಿಸಿಯೇ ಇಳಿಯುತ್ತೇನೆ ಎಂದು ಆಫೀಸಿಗೆ ಬರೆದೆಯಂತೆ. ಅವರು ಇವತ್ತು ಮಧ್ಯಾಹ್ನ ನನಗೆ ಫೋನ್ ಮಾಡಿ, ಹಾಗೇ ಮಾಡಬಹುದಾ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಎಲ್ಲ ಮುಗಿದಿಲ್ಲ, ಸುಹಾಸ. ಇಪ್ಪತ್ನಾಲ್ಕಕ್ಕೆ ಹದಿಮೂರನೆಯ ದಿನದ ಬೊಜ್ಜ ಉಂಟು, ನಾನಿದ್ದೇನೆ. ಈ ಕಾಗದ ತಂದ ಅಕ್ಷಯ ನಿನ್ನ ಬದಲಿಗೆ ಆಫೀಸಿನವರು ಡರ್ಬಾನ್‌ಗೆ ಕಳಿಸಿದ ಅಡುಗೆಯವನು. ಅವನಿಗೆ ಒಂದು ಚಹಾ ಕೊಟ್ಟು, ಸಾಮಾನು ಎಲ್ಲೆಲ್ಲಿದೆ ಎಂದು ತೋರಿಸಿ, ಬ್ಯಾಗು ಕಟ್ಟು. ಬುಧವಾರ ಮಧ್ಯಾಹ್ನ ನಾನು ಏರ್‌ಪೋರ್ಟಿನ ಬಾಗಿಲಲ್ಲಿ ಇರುತ್ತೇನೆ. ಬೈಯುವುದಿದ್ದರೆ ಅಲ್ಲಿ ಬಂದು ಬೈ.